ಜೀಗುಜ್ಜೆ ಕಲಿಸಿದ ಸೇಸಕ್ಕ

ಎಷ್ಟು ಹಿಂದಿನದು ಅಂತ ಕೇಳಬೇಡಿ ಮಕ್ಕಳೇ, ನನಗೆ ಹೇಳಿದ ಅಜ್ಜಿಗೂ ಅದು ಗೊತ್ತಿರಲಿಲ್ಲ. ಆ ಕಾಲದಲ್ಲಿ ನಡುಕುದ್ರು ಅಂತ ಒಂದು ಊರಿತ್ತು. ಹೊಳೆಯ ನಡುವೆ ಒಂದಿಷ್ಟು ನೆಲ, ಸುತ್ತ ನೀರು. ಆ ಊರಲ್ಲಿ ಸೇಸಕ್ಕ ಅಂತ ಒಬ್ಬಳಿದ್ದಳು. ಊರಿನ ದೊಡ್ಡ ಮನೆ ಅಂದರೆ ಗುತ್ತಿನ ಮನೆ. ಅಲ್ಲಿ ಭತ್ತ ಕುಟ್ಟಿ, ಅಂಗಳ ಗುಡಿಸಿ ಹೊಟ್ಟೆ ಹೊರೆಯುತ್ತಿದ್ದಳು.

ಆಟಿ ತಿಂಗಳ ಮಳೆಗೆ ಹೊಳೆ ಉಕ್ಕಿದರೆ ದೋಣಿ ನಿಲ್ಲುತ್ತಿತ್ತು. ದೋಣಿ ನಿಂತರೆ ಮನೆಮನೆಯ ಒಲೆಯೂ ಅರ್ಧ ನಿಂತ ಹಾಗೆ. ಆಗ ಕಾಯಿ ಬಿಟ್ಟು ನಿಲ್ಲುತ್ತಿದ್ದುದು ಒಂದೇ ಮರ, ಗುತ್ತಿನ ಹಿತ್ತಲಿನ ಜೀಗುಜ್ಜೆ. ಹೊರಗಿಂದ ನೋಡಿದರೆ ಹಲಸಿನ ತಮ್ಮ, ಒಳಗೆ ಬೀಜವೇ ಇಲ್ಲ. ಒಂದು ಕಾಯಿ ಬೇಯಿಸಿದರೆ ಒಂದು ಮನೆಯ ಒಂದು ಹೊತ್ತು ಕಳೆಯುತ್ತದೆ. ಆದರೆ ಮರ ಬೇರೆಲ್ಲೂ ಬರಲಿಲ್ಲ. ಕೊಂಬೆ ಕಡಿದು ಊರಿದವರಿದ್ದರು, ಕೊಳೆಯಿತು. ದೈವ ಗುತ್ತಿನ ಮನೆಗೆ ಕೊಟ್ಟ ಮರ, ಇನ್ನೊಬ್ಬರ ಮಣ್ಣಲ್ಲಿ ಏಳುವುದಿಲ್ಲ ಅಂತ ಊರೇ ನಂಬಿತ್ತಂತೆ.

ಸೇಸಕ್ಕ ಮಾತ್ರ ನಂಬಲಿಲ್ಲವಂತೆ. ಬೀಜ ಇಲ್ಲದ ಮರ ಮೊದಲು ಇಲ್ಲಿಗೆ ಬಂದದ್ದು ಹೇಗೆ? ಸಿಕ್ಕಿದವರನ್ನೆಲ್ಲ ಕೇಳಿದಳಂತೆ. ಎಲ್ಲರೂ ನಕ್ಕರಂತೆ.

ಒಂದು ದಿನ ಹಿತ್ತಲಿನ ಚರಂಡಿ ಬಿಡಿಸುವಾಗ ಅವಳ ಗುದ್ದಲಿ ಮರದ ಬೇರಿಗೆ ತಾಗಿತು. ಬಿಳಿ ಹಾಲು ಒಸರಿತು. ಹೆದರಿ ಮಣ್ಣು ಮುಚ್ಚಿದಳು. ಮಳೆ ಹಿಡಿದು ತಿಂಗಳಾದ ಮೇಲೆ ನೋಡಿದರೆ ಗಾಯವಾದ ಅದೇ ಜಾಗದಲ್ಲಿ ಒಂದು ಚಿಗುರು! ಗುದ್ದಲಿಯಲ್ಲ, ಹಂದಿ ಕೆದಕಿದ್ದು ಅನ್ನುವವರೂ ಇದ್ದಾರೆ. ನಮ್ಮಜ್ಜಿ ಗುದ್ದಲಿ ಅನ್ನುತ್ತಿದ್ದಳು, ನಾನೂ ಹಾಗೇ ಹೇಳುತ್ತೇನೆ.

ಅಲ್ಲಿಂದ ಮೂರು ಮಳೆಗಾಲ ಅವಳು ಬೇರು ಗೀರಿದಳು, ಕಾದಳು, ನೋಡಿದಳು. ಹೆಬ್ಬೆರಳು ದಪ್ಪದ ಬೇರೇ ಆಗಬೇಕು. ಚಿಗುರು ಗೇಣುದ್ದ ಆಗುವ ತನಕ ಮುಟ್ಟಬಾರದು. ಆಮೇಲೆ ಬೇರನ್ನು ಆಚೆ ಈಚೆ ಕಡಿದು, ಅಲ್ಲೇ ಬಿಟ್ಟು, ಅದು ತನ್ನದೇ ಬೇರು ಬಿಟ್ಟ ಮೇಲೆ ಕೀಳಬೇಕು. ನೆಲಕ್ಕೆ ಕಿವಿಯಿಟ್ಟು ಬೇರು ನೀರು ಕುಡಿಯುವುದನ್ನು ಕೇಳುತ್ತಿದ್ದಳಂತೆ. ಇರಬಹುದು. ಮಣ್ಣು ಹಸಿಯಿದೆಯಾ ಅಂತ ಬಗ್ಗಿ ನೋಡಿದ್ದೇ ಹಾಗೆ ಕಂಡಿತೋ ಏನೋ.

ಗುತ್ತಿನ ಯಜಮಾನರು ದೇರಣ್ಣ ಆಳ್ವರು. ಒಂದು ಬೆಳಿಗ್ಗೆ ಅವರ ಕಣ್ಣಿಗೆ ಬಿದ್ದಳು.

"ನನ್ನ ಮರಕ್ಕೆ ಗಾಯ ಮಾಡ್ಲಿಕ್ಕೆ ನಿನಗೆ ಹೇಳಿದ್ದು ಯಾರು?"

"ಯಾರೂ ಹೇಳ್ಲಿಲ್ಲ ಧನಿಗಳೇ. ಆದ್ರೆ ನೋಡಿ, ಗಾಯ ಅಂತ ನೀವು ಹೇಳ್ತೀರಿ, ಅದು ಮರಿ ಹಾಕ್ತಾ ಉಂಟು."

ದೇರಣ್ಣ ಆಳ್ವರಿಗೆ ನಗು ಬಂತಂತೆ. "ಕೊಂಡುಹೋಗು ಒಂದು. ನಿನ್ನ ಗುಡಿಸಲ ಹತ್ತಿರ ಎದ್ದರೆ ಆಮೇಲೆ ಮಾತಾಡುವ" ಅಂದರು.

ಎದ್ದಿತು! ಐದನೇ ವರ್ಷ ಕಾಯಿಯೂ ಬಿಟ್ಟಿತು. ಊರವರು ಗಿಡ ಕೇಳಿಕೊಂಡು ಬಂದರು. ಏಳು ಮನೆಗೆ ಏಳು ಗಿಡ ಕೊಟ್ಟಳು. ಮರುವರ್ಷಕ್ಕೆ ಏಳೂ ಸತ್ತವು. ಒಬ್ಬರು ಗದ್ದೆ ಬದಿಯ ನಿಂತ ನೀರಲ್ಲಿ ನೆಟ್ಟಿದ್ದರು, ಒಬ್ಬರು ಸುಡುಬಿಸಿಲಿಗೆ. ಒಬ್ಬರ ಗಿಡವನ್ನು ಆಡು ತಿಂದಿತ್ತು. ದೈವದ ಮರ ಅಂತ ಹೇಳಿರಲಿಲ್ಲವಾ ಅಂದರು ಜನ.

ಸೇಸಕ್ಕ ಎರಡು ದಿನ ಆ ಏಳೂ ಹಿತ್ತಲು ಸುತ್ತಿ ಸತ್ತ ಗಿಡಗಳನ್ನು ನೋಡಿದಳಂತೆ. ಮೂರನೇ ದಿನ ದೋಣಿಯವನ ಹೆಂಡತಿ ಪೊನ್ನಕ್ಕನ ಮನೆಗೆ ಹೋಗಿ ಹೇಳಿದಳಂತೆ, "ತಪ್ಪು ನನ್ನದೇ ಮಾರಾಯ್ತಿ. ಗಿಡ ಕೊಟ್ಟೆ, ವಿದ್ಯೆ ಕೊಡ್ಲಿಲ್ಲ. ಮನೆಮನೆಗೆ ಹೋಗಿ ಕಲಿಸ್ಬೇಕು. ಆದ್ರೆ ಒಂದು ಮಳೆಗಾಲ ಇಡೀ ತಿರುಗಿದ್ರೆ ಗುತ್ತಲ್ಲಿ ನನ್ನ ಕೆಲಸ ಹೋಗ್ತದೆ. ಮತ್ತೆ ಉಣ್ಣುವುದೇನು?"

ಪೊನ್ನಕ್ಕ ಅಕ್ಕಪಕ್ಕದ ಮನೆಯ ಹೆಂಗಸರನ್ನೆಲ್ಲ ಕರೆದಳಂತೆ. ಆಮೇಲೆ, "ಅನ್ನಕ್ಕಿಡುವ ಮೊದಲು ನಾವು ಒಂದೊಂದು ಮುಷ್ಟಿ ಅಕ್ಕಿ ನಿನಗೆ ತೆಗೆದಿಡ್ತೇವೆ. ನೀನು ಬಂದು ನಮ್ಮ ಹಿತ್ತಲಲ್ಲಿ ನಿಲ್ಲು. ಬೈದಾದ್ರೂ ಕಲಿಸು" ಅಂದಳು.

ಯೋಚನೆ ಮಾಡಿ ನೋಡಿ, ಅದು ಮಳೆಗಾಲ. ತಮಗೇ ಗಂಜಿ ತೆಳ್ಳಗಾಗಿದ್ದ ಹೊತ್ತಲ್ಲಿ ಆ ಹೆಂಗಸರು ಮುಷ್ಟಿ ತೆಗೆದರು. ಅಕ್ಕಿ ಇಲ್ಲದ ಮನೆಯಿಂದ ಕೆಸುವಿನ ಗೆಡ್ಡೆ ಬಂತಂತೆ. ಕಾಣದ ಕಾಯಿಯನ್ನು ನಂಬಿ ಅವರು ಹೇಗೆ ಕೊಟ್ಟರು ಅಂತ ನನಗೆ ಇವತ್ತಿಗೂ ಆಶ್ಚರ್ಯ.

ಸೇಸಕ್ಕ ಗುತ್ತಿನ ಕೆಲಸ ಬಿಟ್ಟಳು. ಮನೆಮನೆಗೆ ಹೋದಳು. ನೀರು ನಿಲ್ಲದ ಜಾಗ ತೋರಿಸಿದಳು, ತೆಂಗಿನ ಮಡಲಿನ ನೆರಳು ಕಟ್ಟಿಸಿದಳು, ಆಡಿಗೆ ಬೇಲಿ ಹಾಕಿಸಿದಳು. ಎಂಟನೇ ದಿನ ತಿರುಗಿ ಬಂದಳು, ಹದಿನೈದನೇ ದಿನ ಮತ್ತೆ ಬಂದಳು. ಗಿಡ ಬಾಡಿದ್ದರೆ ಅವಳ ಬೈಗುಳ ಆಚೆ ದಡಕ್ಕೆ ಕೇಳುತ್ತಿತ್ತಂತೆ. ಕೆಲವು ವರ್ಷಕ್ಕೆ ಕುದ್ರುವಿನಲ್ಲಿ ಜೀಗುಜ್ಜೆ ಇಲ್ಲದ ಹಿತ್ತಲು ಗುತ್ತಿನದೊಂದೇ. ಹೌದು, ಗುತ್ತಿನದೇ. ಒಂದು ಆಟಿಯ ಗಾಳಿಗೆ ಆ ಹಳೇ ಮರ ಬುಡಸಮೇತ ಬಿದ್ದಿತ್ತು.

ದೇರಣ್ಣ ಆಳ್ವರು ಆಳನ್ನು ಕಳಿಸಲಿಲ್ಲ, ತಾವೇ ಬಂದರು. ಒಂದು ಗಿಡ ಬೇಕಿತ್ತು ಅಂದರು.

"ಗಿಡ ಆಮೇಲೆ ಧನಿಗಳೇ. ಮೊದಲು ಕೂತ್ಕೊಳ್ಳಿ, ಕಲೀರಿ" ಅಂದಳು ಸೇಸಕ್ಕ.

ಕೂತರು. ಊರೆಲ್ಲ ನೋಡುತ್ತಿದ್ದಂತೆ ಕೆಸರಿಗೆ ಕೈ ಹಾಕಿ ಬೇರು ಗೀರುವುದು ಕಲಿತರು. ಅವತ್ತಿನಿಂದ ಗುತ್ತಿನ ಮನೆಯಿಂದಲೂ ಮುಷ್ಟಿ ಅಕ್ಕಿ ಬಂತು. ಒಂದೇ ಮುಷ್ಟಿ. ಹೆಚ್ಚು ಕೊಡಲು ಬಂದರೆ ಸೇಸಕ್ಕ ತೆಗೆದುಕೊಳ್ಳಲಿಲ್ಲವಂತೆ.

ಸುದ್ದಿ ಹೊಳೆ ದಾಟಿತು. ಆಚೆ ಊರವರು ಕರೆದರು. ಅವಳು ಹೋದಳು. ಅಲ್ಲಿಂದ ಮುಂದಿನ ಊರಿಗೆ, ಅದರ ಮುಂದಿನದಕ್ಕೆ. ನಡುಕುದ್ರುವಿನ ಅಕ್ಕಿ ಪ್ರತಿ ವರ್ಷ ಹೊಳೆ ಉಕ್ಕುವ ಮೊದಲೇ ದೋಣಿಯಲ್ಲಿ ಅವಳ ಹಿಂದೆಯೇ ಹೋಗುತ್ತಿತ್ತು. ಒಂದು ವರ್ಷ ದೋಣಿಯವನು ಹೋಗಿ ವಿಚಾರಿಸಿದರೆ, ಇನ್ನೂ ಮುಂದೆ ಹೋದಳು ಅಂದರು. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಘಟ್ಟ ಹತ್ತಿದಳು ಅನ್ನುವವರಿದ್ದಾರೆ.

ದೋಣಿಯವನಿಗೆ ಅಕ್ಕಿ ತಿರುಗಿ ತರಲು ಮನಸ್ಸು ಬರಲಿಲ್ಲ. ಅವಳಿಂದ ಕಲಿತ ಒಬ್ಬ ಹೆಂಗಸು ಅಲ್ಲಿ ನೆರೆಮನೆಯವರಿಗೆ ಕಲಿಸುತ್ತಿದ್ದಳು, ಅವಳಿಗೇ ಕೊಟ್ಟು ಬಂದ.

ಈಗ ಸೇತುವೆ ಆಗಿದೆ, ದೋಣಿ ಇಲ್ಲ. ಆದರೂ ಮೊದಲ ಮಳೆ ಬಿದ್ದ ವಾರ ನಡುಕುದ್ರುವಿನಿಂದ ಒಂದು ಅಕ್ಕಿಮೂಟೆ ರಿಕ್ಷಾದಲ್ಲಿ ಹೊರಡುತ್ತದೆ. ಆ ವರ್ಷ ಗಿಡ ನೆಡುವುದನ್ನು ಯಾರು ಎಲ್ಲಿ ಕಲಿಸುತ್ತಿದ್ದಾರೋ ಅವರ ಮನೆ ಜಗಲಿಯಲ್ಲಿ ಇಳಿಸಿ ಬರುತ್ತಾರೆ. ಯಾರು ಕಳಿಸಿದ್ದು ಅಂತ ಹೊಸಬರು ಕೇಳುತ್ತಾರೆ. ಸೇಸಕ್ಕನಿಗೆ ಅಂತ ಕಳಿಸಿದ್ದು, ನೀವು ಉಣ್ಣಿ ಅನ್ನುತ್ತಾರೆ.