ರಬ್ಬರ್ ಅಳಿಸಿದ ಹೊಂಗೆ ಮರ

ಕಳೆದ ನವೆಂಬರ್‌ನಲ್ಲಿ, ಪ್ರೌಢಶಾಲಾ ವಿದ್ಯಾರ್ಥಿಗಳ ಕಟ್ಟಡ ನಕ್ಷೆ ಸ್ಪರ್ಧೆ ಮುಗಿಯಲು ಅರ್ಧ ಗಂಟೆ ಇದ್ದಾಗ ಇದು ನಡೆಯಿತು. ಹತ್ತನೇ ತರಗತಿಯ ನಫೀಸಾ ಬರೆದ ಗ್ರಂಥಾಲಯದ ನಕ್ಷೆಯಲ್ಲಿ ಬಾಗಿಲಿನ ಪಕ್ಕ ಒಂದು ಹೊಂಗೆ ಮರವಿತ್ತು. ಅದರ ಎಲೆ, ನೆರಳುಗಳಿಗಾಗಿ ಪೆನ್ಸಿಲ್ ಬಹಳ ಸವೆದಿತ್ತು.

ಗಾಲಿಕುರ್ಚಿ ಹತ್ತಲೆಂದು ಬಾಗಿಲಿನ ಮುಂದೆ ಬರೆದಿದ್ದ ಇಳಿಜಾರನ್ನು ಅಳೆದ ಸ್ಕೇಲ್ ಹೇಳಿತು: "ಇದು ತೀರಾ ಕಡಿದಾಗಿದೆ. ಇದರ ಎರಡರಷ್ಟು ಉದ್ದ ಬೇಕು. ಮರ ಅಡ್ಡ ಬರುತ್ತದೆ."

"ಬಹುಮಾನ ಬರುವುದೇ ಆ ಮರಕ್ಕೆ," ಎಂದಿತು ಪೆನ್ಸಿಲ್. "ಕಾಗದದ ಮೇಲೆ ಗಾಲಿಕುರ್ಚಿ ತಳ್ಳುವವರು ಯಾರು, ಮಹಾರಾಯ?"

ರಬ್ಬರ್ ಹೇಳಿತು: "ಕಟ್ಟಿದ ಮೇಲೆ ತಳ್ಳುತ್ತಾರಲ್ಲ, ಅಣ್ಣ. ಸಿಮೆಂಟನ್ನು ನಾನು ಅಳಿಸಲಾರೆ. ಈಗಾದರೆ ಅಳಿಸಬಲ್ಲೆ."

ಪೆನ್ಸಿಲ್ ತನ್ನ ಮರವನ್ನು ಇನ್ನೊಮ್ಮೆ ನೋಡಿತು. ಆಮೇಲೆ, "ಹಾಗಾದರೆ ಪೂರ್ತಿ ಅಳಿಸು. ಅರ್ಧ ಮರ ನೋಡಲು ನನ್ನಿಂದಾಗದು," ಎಂದಿತು.

ನಫೀಸಾ ರಬ್ಬರನ್ನು ಕೈಗೆತ್ತಿಕೊಂಡಳು. ಮರ ಹೋಗುವಷ್ಟರಲ್ಲಿ ಅದು ಅರ್ಧಕ್ಕರ್ಧ ಸವೆದಿತ್ತು. ಅದೇ ಜಾಗದಲ್ಲಿ ಪೆನ್ಸಿಲ್ ಉದ್ದನೆಯ ಇಳಿಜಾರನ್ನು ಎಳೆದು ಮುಗಿಸಿದಾಗ ಗಂಟೆ ಬಾರಿಸಿತು. ಇನ್ನೊಂದು ಮರಕ್ಕೆ ಸಮಯ ಉಳಿಯಲಿಲ್ಲ.

ತೀರ್ಪುಗಾರರು ಮೂವತ್ತೊಂದು ನಕ್ಷೆಗಳನ್ನು ನೋಡಿದರು. ಮೂವತ್ತರಲ್ಲಿ ಚಂದದ ಮರಗಳಿದ್ದವು. ಗಾಲಿಕುರ್ಚಿ ಸಲೀಸಾಗಿ ಹತ್ತಬಲ್ಲ ಇಳಿಜಾರು ಇದ್ದದ್ದು ಒಂದರಲ್ಲಿ.