ಎರಡರಿಂದ ಮೂರರ ಆರಾಧನೆ

ಪೂಜ್ಯ ಅಗಾತಮ್ಮನವರನ್ನು ಕಾಣಬೇಕೆಂದು ಬಂದವರು ಕನ್ಯಾಮಠದ ಮುಂಬಾಗಿಲಲ್ಲಿ ಗಂಟೆ ಬಾರಿಸಿ ಪ್ರಯೋಜನವಿರಲಿಲ್ಲ, ಹಿತ್ತಲಿಗೇ ಹೋಗಬೇಕಿತ್ತು. ಅಲ್ಲಿ ತಗಡಿನ ಮಾಡಿನ ಕೆಳಗೆ, ಇದ್ದಿಲೊಲೆಯ ಮುಂದೆ, ಕುಂಟುಗಾಲನ್ನು ಚಾಚಿಕೊಂಡು ಅಮ್ಮನವರು ಚರ್ಚಿನ ಬಲಿಪೂಜೆಗೆ ಬೇಕಾದ ಅಪ್ಪ, ಅಂದರೆ ತೆಳು ರೊಟ್ಟಿ, ಸುಡುತ್ತಿದ್ದರು. ಗೋಧಿಹಿಟ್ಟು ಮತ್ತು ನೀರು, ಅಷ್ಟೇ. ಉದ್ದ ಹಿಡಿಯ ಕಬ್ಬಿಣದ ಅಚ್ಚಿನೊಳಗೆ ಒಂದು ಸೌಟು ಹಿಟ್ಟು ಹುಯ್ದು ಒತ್ತಿದರೆ ಕಾಗದದಂಥ ಹಾಳೆ. ಸುತ್ತಲಿನ ಹನ್ನೊಂದು ಊರುಗಳ ಪೂಜಾಪೀಠಗಳಿಗೆ ಅಪ್ಪ ಹೋಗುತ್ತಿದ್ದುದು ಆ ಒಲೆಯಿಂದಲೇ. ಇಷ್ಟು ಬೇಗೆ ಹೇಗೆ ತಡೀತೀರಿ ಅಂತ ಯಾರಾದರೂ ಕೇಳಿದರೆ, "ಸತ್ತ ಮೇಲೆ ಪಾಪ ತೊಳೆಯೋ ಶುದ್ಧೀಕರಣ ಸ್ಥಳದ ಬೆಂಕಿಗೆ ಈಗಿಂದಲೇ ಅಭ್ಯಾಸ ಮಾಡ್ಕೋತಿದ್ದೀನಿ" ಎಂದು ನಗುತ್ತಿದ್ದರಂತೆ.

ನವೆಂಬರಿನ ಒಂದು ಬೆಳಿಗ್ಗೆ ಲೂರ್ದಮ್ಮ ಆ ಹಿತ್ತಲಿಗೆ ಬಂದದ್ದು ಭಕ್ತಿಯಿಂದಲ್ಲ, ಹೆಚ್ಚುಕಡಿಮೆ ಜಗಳಕ್ಕೆ. ರೇಷ್ಮೆ ನೂಲು ತೆಗೆಯುವ ಹೆಂಗಸು, ಬಿಸಿನೀರಲ್ಲಿ ಬೆರಳು ಬೆಂದು ಬೆಂದು ಒರಟಾಗಿದ್ದವು. ನಾಲಗೆಯೂ ಈಚೆಗೆ ಹಾಗೇ ಆಗಿತ್ತು.

ನಡೆದದ್ದು ಇಷ್ಟು. ಮೇರಿಪಾಳ್ಯದ ಚರ್ಚಿನಲ್ಲಿ ಜೂನ್ ತಿಂಗಳಲ್ಲಿ ಒಂದು ದಿನ, ಬೆಳಗಿನ ಪೂಜೆಯಿಂದ ಸಂಜೆಯವರೆಗೆ, ಬಲಿಪೂಜೆಯಲ್ಲಿ ಸ್ವಾಮಿಯ ಶರೀರವಾದ ಅಪ್ಪವನ್ನು, ಅಂದರೆ ಪರಮಪ್ರಸಾದವನ್ನು, ಎಲ್ಲರ ದರ್ಶನಕ್ಕೆ ಪೀಠದ ಮೇಲಿಡುವರು. ಸ್ವಾಮಿಯನ್ನು ಒಂಟಿ ಬಿಡಬಾರದು. ಮನೆಗೊಂದು ಗಂಟೆಯಂತೆ ಸರದಿ, ಮುಂದಿನವರು ಬರುವವರೆಗೆ ಎದ್ದು ಹೋಗುವ ಹಾಗಿಲ್ಲ. ಎರಡರಿಂದ ಮೂರರ ಹೊತ್ತು, ಉಂಡು ಮಲಗುವ ಬಿಸಿಲಿನ ಹೊತ್ತು, ಯಾರಿಗೂ ಬೇಡದ್ದು. ಅದನ್ನು ಹದಿನಾಲ್ಕು ವರ್ಷ ಲೂರ್ದಮ್ಮ ಮತ್ತು ಅವಳ ಗಂಡ ಚೌರಪ್ಪ ಒಟ್ಟಿಗೆ ನಡೆಸಿದ್ದರು. ಆ ವರ್ಷದ ಜನವರಿಯಲ್ಲಿ ಚೌರಪ್ಪ ತೀರಿಹೋದ. ಜೂನಿನಲ್ಲಿ ಅವಳೊಬ್ಬಳೇ ಹೋಗಿ ಕೂತಳು.

ಕಾಲು ಗಂಟೆ ತಡೆದಳು. ಆ ದೊಡ್ಡ ಗುಡಿ, ಆ ಮೌನ, ಪಕ್ಕದಲ್ಲಿ ಖಾಲಿ ಬೆಂಚು. ಎದ್ದವಳು ಸೀದಾ ಬಸ್ ಸ್ಟ್ಯಾಂಡಿಗೆ ಹೋಗಿ, ಬಾಳೆಹಣ್ಣಿನವನ ಜೊತೆ ಯಾರೋ ಚೌಕಾಸಿ ಮಾಡುವುದನ್ನು ಕೇಳುತ್ತಾ ನಿಂತಳು. ಮೂರಕ್ಕೆ ಸರದಿಗೆಂದು ಬಂದ ಜಪಮಾಲಮ್ಮ ಕಂಡದ್ದು ಉರಿಯುವ ಮೇಣದಬತ್ತಿಗಳನ್ನು ಮಾತ್ರ. ಸಂಜೆಯ ಗಂಟೆ ಹೊಡೆಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. "ದೇವರನ್ನೇ ಒಂಟಿ ಬಿಟ್ಟು ಬಸ್ ನೋಡೋಕೆ ಹೋಗಿದ್ದಳಂತೆ!"

ಲೂರ್ದಮ್ಮ ಪಾಪನಿವೇದನೆ ಮಾಡಿದಳು, ಗುರುಗಳು ಕ್ಷಮೆಯನ್ನೂ ಸಾರಿದರು. ಮನಸ್ಸು ಮಾತ್ರ ಒಪ್ಪಲಿಲ್ಲ. ಐದು ತಿಂಗಳಿಂದ ಪ್ರಸಾದದ ಸಾಲಿಗೆ ಹೋಗದೆ ಬಾಗಿಲ ಬಳಿಯೇ ನಿಂತು ಬರುತ್ತಿದ್ದಳು. ಇನ್ನು ಮುಂದೆ ಚರ್ಚಿಗೇ ಹೋಗುವುದು ಬೇಡವೆಂಬಲ್ಲಿಗೆ ಬಂದು ನಿಂತಿದ್ದಳು.

"ಅಮ್ಮನವರೇ, ಒಂದು ಕೇಳ್ತೀನಿ, ಬೈಬೇಡಿ" ಅಂದಳು. "ದೇವರಿಗೆ ಒಂಟಿತನ ಆಗುತ್ತಾ? ಆಗುತ್ತೆ ಅನ್ನೋದಾದ್ರೆ ನಾನು ಮಾಡಿದ್ದಕ್ಕೆ ಕ್ಷಮೆ ಇಲ್ಲ. ಆಗೋದಿಲ್ಲ ಅಂದ್ರೆ ಹದಿನಾಲ್ಕು ವರ್ಷ ನಾವು ಗಂಡ ಹೆಂಡ್ತಿ ಮಂಡಿ ಸವೆಸಿದ್ದು ಯಾಕೆ? ಎರಡರಲ್ಲಿ ಒಂದು ಹೇಳಿ."

ಪಂಡಿತರೇ ತಡವರಿಸುವ ಪ್ರಶ್ನೆ. ಅಗಾತಮ್ಮನವರು ಅಚ್ಚಿನ ಹಿಡಿ ಬಿಡದೆ, "ಸುಮ್ನೆ ನಿಲ್ಲಬೇಡ, ಆ ಹಾಳೆ ಕತ್ತರಿಸು" ಎಂದರು.

ಲೂರ್ದಮ್ಮ ಈಗಷ್ಟೇ ಒಲೆಯಿಂದ ಇಳಿದ ಹಾಳೆಗೆ ಕೈ ಹಾಕಿ ದುಂಡು ಬಿಲ್ಲೆ ಕತ್ತರಿಸುವ ಕೊಳವೆ ಒತ್ತಿದಳು. ಹಾಳೆ ಚೂರುಚೂರಾಯಿತು. ಇನ್ನೊಂದೂ ಹಾಗೇ. ಅವಳ ಕಣ್ಣಲ್ಲಿ ನೀರು ಬಂತು. "ನೋಡಿದ್ರಾ, ನನ್ ಕೈಯೇ ಸರಿ ಇಲ್ಲ."

"ನಿನ್ನ ಕೈಯದಲ್ಲ ತಪ್ಪು. ಬೆಂಕಿಯಿಂದ ಬಂದದ್ದನ್ನ ಕೂಡಲೇ ಮುಟ್ಟಬಾರದು. ಒದ್ದೆ ಬಟ್ಟೆ ಹೊದಿಸಿ ಒಂದು ದಿನ ಬಿಡಬೇಕು, ಆಗ ಮೆತ್ತಗಾಗ್ತದೆ. ನಾನು ಹೇಳಬೇಕಿತ್ತು, ಹೇಳಲಿಲ್ಲ" ಎಂದ ಅಮ್ಮನವರು ಅಚ್ಚನ್ನು ಕೆಳಗಿಟ್ಟರು. ಮಸಿ ಹಿಡಿದ ಕೈಗಳನ್ನು ಜೋಡಿಸಿದರು. "ಇನ್ನೊಂದೂ ಹೇಳಬೇಕಿತ್ತು. ಸರದಿಯ ಪಟ್ಟಿ ಬರೆಯೋಳು ನಾನು. ಚೌರಪ್ಪನ ಹೆಸರಿನ ಮೇಲೆ ಗೀಟು ಎಳೆದು, ಆ ಜಾಗದಲ್ಲಿ ಇನ್ನೊಂದು ಹೆಸರು ಬರೆಯದೆ ಬಿಟ್ಟೋಳೂ ನಾನೇ. ಆವತ್ತು ಗುಡಿಯಲ್ಲಿ ಒಂಟಿಯಾಗಿದ್ದೋಳು ನೀನು, ಲೂರ್ದಿ. ನನ್ನನ್ನ ಕ್ಷಮಿಸು."

ಲೂರ್ದಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಸಂತಳೆಂದು ಊರೇ ಕೈಮುಗಿಯುವವರು ತನಗೆ ಕೈಮುಗಿದಿದ್ದಾರೆ! "ಅಯ್ಯೋ, ಕೈ ಇಳಿಸಿ ಅಮ್ಮನವರೇ, ಯಾರಾದ್ರೂ ನೋಡಿದ್ರೆ ನನ್ನ ಕಥೆ ಮುಗೀತು" ಎಂದು ಅವರ ಕೈಗಳನ್ನು ತಾನೇ ಹಿಡಿದು ಬಿಡಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಾಗಾದ್ರೆ ದೇವರಿಗೆ?"

"ತಂದೆ, ಮಗ, ಪವಿತ್ರಾತ್ಮರು ಇರೋ ಮನೆ ಅದು. ಲೋಕ ಹುಟ್ಟೋ ಮೊದಲೂ ಅಲ್ಲಿ ಜೊತೆಗೆ ಕೊರತೆ ಇರಲಿಲ್ಲ. ನೀನು ಎದ್ದು ಹೋದೆ ಅಂತ ಆ ಮನೆ ಬರಿದಾಗೋದಿಲ್ಲ." ಅಮ್ಮನವರು ಒಲೆಯ ಕೆಂಡ ಕೆದಕಿದರು. "ಆದ್ರೂ ಮಗ ಮನುಷ್ಯನಾಗಿ ಬಂದರು. ಸಾಯೋ ಹಿಂದಿನ ರಾತ್ರಿ ತೋಟದಲ್ಲಿ ಸ್ನೇಹಿತರನ್ನ ಒಂದು ಗಂಟೆ ಜೊತೆಗಿರಿ ಅಂತ ಬೇಡಿಕೊಂಡರು, ಅವರು ಮಲಗಿಬಿಟ್ಟರು. ಶಿಲುಬೆ ಮೇಲೆ ಯಾಕೆ ನನ್ನ ಕೈಬಿಟ್ಟೆ ಅಂತ ತಂದೆಯನ್ನೇ ಕೂಗಿದರು. ನಾಟಕಕ್ಕಲ್ಲ ಮಗಳೇ, ಒಂಟಿತನವನ್ನ ನಿಜವಾಗಿ ಉಂಡರು. ಈಗ ನಿನಗೆ ಬಡಿಸಿರೋದೂ ಅದೇ ಊಟ. ಆ ಪಂಕ್ತಿಯಲ್ಲಿ ನಿನಗಿಂತ ಮೊದಲೇ ಬಂದು ಕೂತಿದ್ದಾರೆ. ನಾವು ಹೋಗಿ ಕೂರೋದು ಅವರ ಪಕ್ಕಕ್ಕೆ."

ಇಷ್ಟು ಹೇಳಿ ಅಮ್ಮನವರು ಮತ್ತೆ ಹಿಟ್ಟು ಹುಯ್ದರು. ಲೂರ್ದಮ್ಮ ಅಲ್ಲೇ ನೆಲದ ಮೇಲೆ ಕೂತು, ಗಂಡ ಸತ್ತ ಮೇಲೆ ಮೊದಲ ಬಾರಿಗೆ, ಯಾರಿಗೂ ಹೆದರದೆ ಅತ್ತಳು.

ಆ ಭಾನುವಾರ ಅವಳು ಪ್ರಸಾದದ ಸಾಲಿಗೆ ಸೇರಿದಳು. ಹಿಂದಿನಿಂದ ಜಪಮಾಲಮ್ಮನ ಪಿಸುಮಾತು ಬಂತು: "ಏನು, ಮೇಲಿಂದ ಕ್ಷಮಾಪಣೆ ಪತ್ರ ಬಂತಾ?"

"ಬಂತು ಅಕ್ಕಾ. ಅದರಲ್ಲಿ ನಿಮ್ಮ ಹೆಸರೂ ಇದೆ" ಎಂದು ಹೇಳಿ, ಮುಂದೆ ನಡೆದು, ಪರಮಪ್ರಸಾದವನ್ನು ಸ್ವೀಕರಿಸಿದಳು.

ಮುಂದಿನ ಜೂನಿನ ಪಟ್ಟಿಯಲ್ಲಿ ಅಗಾತಮ್ಮನವರು ಪ್ರತಿ ಗಂಟೆಗೂ ಎರಡೆರಡು ಹೆಸರು ಬರೆದರು. ಎರಡರಿಂದ ಮೂರಕ್ಕೆ ತನ್ನ ಜೊತೆ ಜಪಮಾಲಮ್ಮನೇ ಬೇಕೆಂದು ಲೂರ್ದಮ್ಮ ಕೇಳಿ ಬರೆಸಿಕೊಂಡಳು. ಮದುವೆಯಾಗದೆ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಬೇಯಿಸಿಕೊಂಡು ತಿನ್ನುವ ಹೆಂಗಸು ಆಕೆ. ಊರಿನ ಸುದ್ದಿಯೇ ಆಕೆಯ ಸಂಸಾರ. "ನನ್ನನ್ನ ಕಾವಲಿಗೆ ಹಾಕಿದ್ದಾರಾ ನಿನಗೆ?" ಎಂದು ಗೊಣಗುತ್ತಲೇ ಬಂದು ಬೆಂಚಿನ ಆ ತುದಿಯಲ್ಲಿ ಕೂತರು.

ಇಬ್ಬರೂ ಜಪಸರ ಎಣಿಸಿದರು. ಕೊನೆಗೆ ಜಪಮಾಲಮ್ಮ, ಎದುರಿಗೇ ಕಣ್ಣಿಟ್ಟು, ಯಾರಿಗೋ ಹೇಳುವಂತೆ ಹೇಳಿದರು: "ನನ್ನ ಹೆಸರು ಬೇಕು ಅಂತ ಕೇಳಿ ಬರೆಸಿದೋರು ಇದುವರೆಗೆ ಯಾರೂ ಇಲ್ಲ ಕಣೆ."

ಲೂರ್ದಮ್ಮ ಸೆರಗು ಎತ್ತಿಕೊಂಡು ಬೆಂಚಿನ ಮೇಲೆ ಆಕೆಯ ಪಕ್ಕಕ್ಕೆ ಸರಿದು ಕೂತಳು.