ಪುಟ್ಟಲಿಂಗಿಯ ಹೊಂಡಕ್ಕೆ ಮೊಣಕಾಲುದ್ದ ಕೆಸರು

ಹತ್ತಿರ ಬನ್ನಿ. ಇನ್ನೂ ಹತ್ತಿರ. ಈ ಮಾತು ಹೊರಗೆ ಹೋಗಬಾರದು. ಯಾರಾದರೂ ಕೇಳಿದರೆ ಗಾಳಿ ಹೇಳಿತು ಅನ್ನಿ.

ಒಂದು ಕಾಡಿನಲ್ಲಿ, ಬಂಡೆಯ ಮೇಲಿನ ಹೊಂಡದಲ್ಲಿ ಪುಟ್ಟಲಿಂಗಿ ಅನ್ನೋ ಕಪ್ಪೆ ಇದ್ದಳು. ಗಂಡ ಆಚೆ ದಡದಲ್ಲಿ ವಟಗುಟ್ಟಿಕೊಂಡಿದ್ದ. ಯಾರಿಗಾಗಿ ಅಂತ ಕೇಳಬೇಡಿ. ಇವಳ ಪಾಲಿಗೆ ಅರವತ್ತು ಗೊದಮೊಟ್ಟೆ ಮಕ್ಕಳು. ಅವು ಅವಿತುಕೊಳ್ಳೋಕೆ ಹೊಂಡದಲ್ಲಿ ಒಂದು ಎಲೆಯೂ ಇರಲಿಲ್ಲ. ಅದಕ್ಕೇ ತಳದ ಬಂಡೆಯ ಮೇಲೆ ಕೆಸರು ಹಾಸಿ ನೀರುಗಿಡ ನೆಡೋಕೆ ಹೊರಟಳು.

ಪಕ್ಕದ ಬಿಲದ ಏಡಿ ಹೊನ್ನಕ್ಕ ಇಣುಕಿದಳು. "ತಂಗೀ, ಹೊಂಡದ ಮುಂಭಾಗಕ್ಕೆ ಎರಡು ಬೆರಳು ಕೆಸರು ಹಾಕು, ಹಿಂಭಾಗಕ್ಕೆ ನಾಲ್ಕು ಬೆರಳು. ಮೇಲೆ ತೆಳ್ಳಗೆ ಮರಳು. ಬೇರಿಗೆ ಅಷ್ಟು ಸಾಕು."

"ಬೆರಳೇ ಇಲ್ಲದೋಳು ಬೆರಳಲ್ಲಿ ಅಳೀತಾಳೆ!" ಪುಟ್ಟಲಿಂಗಿ ಹೊಟ್ಟೆ ಉಬ್ಬಿಸಿ ನಕ್ಕಳು.

ಅಷ್ಟರಲ್ಲಿ ಕೊಕ್ಕರೆ ಶಾಂತಪ್ಪ ಬಂದ. ಮೈಯೆಲ್ಲ ಬಿಳಿ, ಮಾತೆಲ್ಲ ಬೆಣ್ಣೆ. "ಅಮ್ಮಣ್ಣೀ, ಎಂಥ ಕಂಠ ನಿಮ್ಮದು! ಕೆಸರು ನನ್ನ ಮೊಣಕಾಲಿನವರೆಗೆ ಹಾಕಿ. ದೊಡ್ಡ ಮನೆತನದ ಹೊಂಡಗಳೆಲ್ಲ ಹಾಗೇ ಇರೋದು."

ಪುಟ್ಟಲಿಂಗಿ ಕರಗಿಹೋದಳು. ಹಗಲೆಲ್ಲ ಕೆಸರು ಹೊತ್ತು ಹಾಕಿ ಗಿಡ ನೆಟ್ಟಳು. ಶಾಂತಪ್ಪ ಕಾಲಿಳಿಸಿ ನೋಡಿ, "ಇನ್ನೂ ಸ್ವಲ್ಪ" ಅನ್ನೋನು. ಗಂಡನಿಲ್ಲದ ಮನೆಯೊಳಗೆ ಕೊಕ್ಕರೆಯ ಕಾಲು! ಕಾಡೆಲ್ಲ ನೋಡಿತು.

ಕೆಸರು ಏರಿದಂತೆ ನೀರು ಹೊರಗೆ ಚೆಲ್ಲಿತು. ನಾಲ್ಕು ದಿನದಲ್ಲಿ ಕೆಸರು ಕೊಳೆತು ಬುಳುಬುಳು ಅಂದಿತು. ಗಿಡಗಳ ಬೇರು ಕಪ್ಪಾಯಿತು, ಎಲೆ ಉದುರಿತು. ಉಳಿದ ಚೂರು ನೀರಿನಲ್ಲಿ ಅರವತ್ತು ಮಕ್ಕಳ ಬೆನ್ನೂ ಕಾಣುತ್ತಿತ್ತು, ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ.

ಐದನೇ ಬೆಳಿಗ್ಗೆ ಶಾಂತಪ್ಪ ಊಟಕ್ಕೇ ಬಂದ.

"ಅಣ್ಣಯ್ಯಾ, ಅವು ನನ್ನ ಮಕ್ಕಳು!"

"ಗೊತ್ತಮ್ಮಾ, ಅದಕ್ಕೇ ತಾನೇ ಇಷ್ಟು ಕಷ್ಟಪಟ್ಟಿದ್ದು!" ಅಂತ ಎರಡೂ ಕಾಲು ಒಳಗಿಟ್ಟ.

ಪಚಕ್! ಕೊಳೆತ ಕೆಸರು ಹಲಸಿನ ಮೇಣದ ಹಾಗೆ ಹಿಡಿಯಿತು. ಎಳೆದರೂ ಕಾಲು ಬರಲಿಲ್ಲ. ಒದ್ದಾಡಿದಷ್ಟೂ ಗುಳ್ಳೆ ಒಡೆದವು. ಆ ಗಬ್ಬುನಾತಕ್ಕೆ ಅವನ ಕಣ್ಣು ತಿರುಗಿತು. ಹೊನ್ನಕ್ಕ ಓಡಿಬಂದು ಬಾಲ ಕಚ್ಚಿ ಹಿಡಿದಳು. ಶಾಂತಪ್ಪ ಹೇಗೋ ಕಿತ್ತುಕೊಂಡು ಹಾರಿದ. ಬಾಲದ ಗರಿಯೆಲ್ಲ ಏಡಿಯ ಹಿಡಿತದಲ್ಲೇ ಉಳಿಯಿತು. ಬೋಳು ಹಿಂಭಾಗ ಹೊತ್ತು ಹಾರುವವನನ್ನು ಕಂಡು ಕೋತಿಗಳು ಕೊಂಬೆಯಿಂದ ಬಿದ್ದು ಬಿದ್ದು ನಕ್ಕವು.

ಪುಟ್ಟಲಿಂಗಿ ಅಳುತ್ತಾ ಮಕ್ಕಳನ್ನು ಒಂದೊಂದಾಗಿ ಹೊನ್ನಕ್ಕನ ಬಿಲದ ನೀರಿಗೆ ಸಾಗಿಸಿದಳು. ಹೊನ್ನಕ್ಕ ಎಲ್ಲರೆದುರೇ ಅವಳ ಮುಖಕ್ಕೆ ಹೇಳಿದಳು: "ಮಕ್ಕಳಿಗೆ ಕಾಲು ಮೂಡೋವರೆಗೆ ಇಟ್ಟುಕೊಳ್ತೀನಿ ತಂಗೀ. ನಿನಗೆ ಬುದ್ಧಿ ಮೂಡೋವರೆಗೆ ಅಂದರೆ ಮಾತ್ರ ನನ್ನ ಆಯಸ್ಸು ಸಾಲದು."

ನೀತಿ: ಹೊಗಳಿದವನ ಅಳತೆ ನಂಬಿ ಮನೆ ಮಾಡಬೇಡಿ, ಹಿತ ಬಯಸುವವರ ಮಾತು ಒರಟಾದರೂ ಕೇಳಿ.